ಲೆಕ್ಕಪತ್ರ ಕಲಿಯಲು ಬೆಂಗಳೂರೇ ಆಗಬೇಕೆಂದಿಲ್ಲ: ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಇಂಟರ್ನ್‌ಶಿಪ್ ದಾರಿಗಳು

ಉಡುಪಿ: ಬಿಕಾಂ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಪ್ರಶ್ನೆ: "ಇನ್ನು ಎಂತ ಮಾಡುವುದು?" ಬೆಂಗಳೂರಿನಲ್ಲಿ ಮಾವ ಇದ್ದರೆ ಬೆಂಗಳೂರು, ದುಬೈಯಲ್ಲಿ ಅಣ್ಣ ಇದ್ದರೆ ದುಬೈ. ಎರಡೂ ಇಲ್ಲದವರು ಪರಿಚಯದ ಆಡಿಟರ್ ಆಫೀಸಿಗೆ "ಸ್ವಲ್ಪ ದಿನ ಕಲಿಯಲಿ" ಅಂತ ಮಗನನ್ನೋ ಮಗಳನ್ನೋ ಕಳುಹಿಸುತ್ತಾರೆ. ಈ ಮೂರನೆಯ ದಾರಿಯನ್ನು ನಾವು ಬೇರೆ ಗತಿಯಿಲ್ಲದ್ದಕ್ಕೆ ಹಿಡಿಯುವ ದಾರಿ ಎಂದುಕೊಂಡಿದ್ದೇವೆ. ಸರಿಯಾಗಿ ಹಿಡಿದರೆ ಲೆಕ್ಕಪತ್ರ ಮತ್ತು ಹಣಕಾಸಿನ ಕೆಲಸಕ್ಕೆ ಅದೇ ಗಟ್ಟಿ ಅಡಿಪಾಯ. ತಪ್ಪಾಗಿ ಹಿಡಿದರೆ ಮಾತ್ರ ಒಂದೆರಡು ವರ್ಷ ಜೆರಾಕ್ಸ್ ತೆಗೆಯುವುದರಲ್ಲೇ ಕಳೆಯುತ್ತದೆ. ಯಾವ ದಾರಿ ಯಾರಿಗೆ, ಎಷ್ಟು ಸ್ಟೈಪೆಂಡ್, ಸೇರುವ ಮೊದಲು ಏನು ಕೇಳಬೇಕು, ಅಂಗಡಿಯವರಿಗೆ ಇದರಿಂದ ಏನು ಲಾಭ ಎನ್ನುವ ಮಾಹಿತಿ ಇಲ್ಲಿದೆ.

ಒಂದು ಕಾಲದಲ್ಲಿ ಈ ಪ್ರಶ್ನೆಗೆ ನಮ್ಮ ಊರಲ್ಲೇ ಉತ್ತರ ಇತ್ತು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಕಟ್ಟಿದರು. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂ. ಬಂಡವಾಳದಲ್ಲಿ ಶುರು ಮಾಡಿದ್ದು ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಬಂದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿದ್ದರು. ಪಿಗ್ಮಿ ಏಜೆಂಟ್ ಆಗಿ, ಗುಮಾಸ್ತನಾಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದವರು ಈ ಜಿಲ್ಲೆಯ ಬೀದಿಬೀದಿಯಲ್ಲಿ ಸಿಗುತ್ತಾರೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಶಾಖೆಗಳು ಉಳಿದವು, ಬೋರ್ಡು ಬದಲಾಯಿತು. ಆದರೆ ಊರಿನದೇ ಬ್ಯಾಂಕು, ಊರಿನದೇ ಹೆಡ್ ಆಫೀಸು, ಅಲ್ಲೇ ನೌಕರಿ ಎನ್ನುವ ಭರವಸೆ ಹೋಯಿತು. ಈಗ ಬ್ಯಾಂಕಿನ ಕಾಯಂ ನೌಕರಿಗೆ ದೇಶಮಟ್ಟದ ಪರೀಕ್ಷೆ ಬರೆಯಬೇಕು. ಅದರ ಜತೆಗೆ, ಅಥವಾ ಅದರ ಬದಲಿಗೆ, ಕೆಲಸ ಕಲಿಯುವ ದಾರಿಯನ್ನು ಮಕ್ಕಳು ತಾವೇ ಹುಡುಕಿಕೊಳ್ಳಬೇಕು.

ಹೆಸರು ಒಂದೇ, ಒಳಗೆ ಬೇರೆ ಬೇರೆ

ಇಂಟರ್ನ್‌ಶಿಪ್ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ವ್ಯವಸ್ಥೆಗಳಿವೆ. ಇವನ್ನು ಗೊಂದಲ ಮಾಡಿಕೊಂಡು ಸಮಯ ಕಳೆದುಕೊಳ್ಳುವವರೇ ಹೆಚ್ಚು. ಮೊದಲನೆಯದು, ಕಾಲೇಜಿನ ಪಾಠಪಟ್ಟಿಗಾಗಿ ಮಾಡುವ ಕೆಲವು ವಾರಗಳ ಇಂಟರ್ನ್‌ಶಿಪ್. ಎರಡನೆಯದು, ಸಿಎ ಓದುವವರು ಕಡ್ಡಾಯವಾಗಿ ಮಾಡಬೇಕಾದ ಆರ್ಟಿಕಲ್‌ಶಿಪ್. ಮೂರನೆಯದು, ಅಪ್ರೆಂಟಿಸ್ ಕಾಯ್ದೆಯಡಿ ಸರ್ಕಾರಿ ಪೋರ್ಟಲ್ ಮೂಲಕ ಬ್ಯಾಂಕ್ ಅಥವಾ ಕಂಪನಿಯಲ್ಲಿ ಮಾಡುವ ಒಂದು ವರ್ಷದ ತರಬೇತಿ. ನಾಲ್ಕನೆಯದು ಕಾಗದಪತ್ರ ಏನೂ ಇಲ್ಲದ ನಮ್ಮ ಊರಿನ ಹಳೆಯ ಪದ್ಧತಿ, ಅಂದರೆ ಆಡಿಟರ್ ಆಫೀಸಿನಲ್ಲೋ ಅಂಗಡಿಯಲ್ಲೋ ಸೊಸೈಟಿಯಲ್ಲೋ ಕೂತು ಕಲಿಯುವುದು. ಆರ್ಟಿಕಲ್‌ಶಿಪ್ ಬಿಟ್ಟು ಉಳಿದ ಯಾವುದನ್ನು ಎಷ್ಟು ವರ್ಷ ಮಾಡಿದರೂ ಸಿಎ ಪರೀಕ್ಷೆಗೆ ಲೆಕ್ಕಕ್ಕೆ ಬರುವುದಿಲ್ಲ. "ಎರಡು ವರ್ಷ ಆಡಿಟರ್ ಹತ್ತಿರ ಇದ್ದೆ, ಅದು ಆರ್ಟಿಕಲ್ ಆಗುತ್ತದಾ?" ಎಂದು ಆಮೇಲೆ ಕೇಳಿದರೆ ಉತ್ತರ ಇಲ್ಲ ಎಂದೇ.

ಆರ್ಟಿಕಲ್‌ಶಿಪ್: ಎರಡು ವರ್ಷ, ಕಡಿಮೆ ಹಣ, ದೊಡ್ಡ ಕಲಿಕೆ

ಸಿಎ ಸಂಸ್ಥೆಯ ಹೊಸ ಪದ್ಧತಿ 2023ರ ಜುಲೈ 1ರಿಂದ ಜಾರಿಯಲ್ಲಿದೆ. ಮೊದಲು ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ ಈಗ ಎರಡು ವರ್ಷ. ದ್ವಿತೀಯ ಪಿಯುಸಿ ಆದವರು ಫೌಂಡೇಷನ್ ಪರೀಕ್ಷೆ ಮೂಲಕ ಬರಬಹುದು. ವಾಣಿಜ್ಯ ಪದವಿಯಲ್ಲಿ ಶೇ. 55, ಬೇರೆ ಪದವಿಯಲ್ಲಿ ಶೇ. 60 ಅಂಕ ಇದ್ದವರು ಫೌಂಡೇಷನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಹೇಗೆ ಬಂದರೂ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾಗಿ, ಐಸಿಐಟಿಎಸ್‌ಎಸ್ ಎನ್ನುವ ಕಂಪ್ಯೂಟರ್ ಮತ್ತು ಓರಿಯಂಟೇಷನ್ ತರಬೇತಿ ಮುಗಿಸಿದ ಮೇಲೆಯೇ ಆರ್ಟಿಕಲ್‌ಶಿಪ್ ಶುರು. ಐಸಿಎಐಗೆ ಉಡುಪಿಯಲ್ಲೇ ಶಾಖೆ ಇದೆ; ಈ ತರಬೇತಿ ಯಾವಾಗ, ಎಲ್ಲಿ ಎಂದು ಮೊದಲು ಅಲ್ಲೇ ವಿಚಾರಿಸಿ, ಮಂಗಳೂರಿಗೆ ಓಡುವುದು ಆಮೇಲೆ. ಎರಡು ವರ್ಷ ಮುಗಿದು ಆರು ತಿಂಗಳ ನಂತರ ಫೈನಲ್ ಬರೆಯಬಹುದು. ಪಿಯುಸಿಯಿಂದ ಲೆಕ್ಕ ಹಾಕಿದರೆ, ಎಲ್ಲವೂ ಮೊದಲ ಪ್ರಯತ್ನದಲ್ಲೇ ಪಾಸಾದರೆ ಸುಮಾರು ಮೂರೂವರೆ ವರ್ಷದ ದಾರಿ. ಎಲ್ಲವೂ ಮೊದಲ ಪ್ರಯತ್ನದಲ್ಲೇ ಪಾಸಾಗುವವರು ಕಡಿಮೆ ಎನ್ನುವುದನ್ನು ಮನೆಯವರೂ ತಿಳಿದಿರಬೇಕು.

ಸ್ಟೈಪೆಂಡ್ ವಿಷಯದಲ್ಲಿ ಹುಡುಗರಿಗೆ ನಿರಾಸೆ ಆಗುವುದು ಸಹಜ. ಕನಿಷ್ಠ ದರ ಊರಿನ ಜನಸಂಖ್ಯೆ ನೋಡಿ ನಿಗದಿಯಾಗುತ್ತದೆ. 20 ಲಕ್ಷಕ್ಕಿಂತ ಹೆಚ್ಚಿನ ನಗರಗಳಿಗೆ ಒಂದು ದರ, 4ರಿಂದ 20 ಲಕ್ಷಕ್ಕೆ ಇನ್ನೊಂದು, 4 ಲಕ್ಷಕ್ಕಿಂತ ಕಡಿಮೆ ಇರುವ ಊರಿಗೆ ಎಲ್ಲಕ್ಕಿಂತ ಕಡಿಮೆ. ಉಡುಪಿ ಬರುವುದು ಈ ಕೊನೆಯ ವರ್ಗದಲ್ಲಿ. ಹೊಸ ಪದ್ಧತಿಯಲ್ಲಿ ದರ ದುಪ್ಪಟ್ಟು ಮಾಡಿದ ಮೇಲೂ ನಮ್ಮಂಥ ಊರಿಗೆ ಮೊದಲ ವರ್ಷದ ಕನಿಷ್ಠ ಮೊತ್ತ ತಿಂಗಳಿಗೆ 2,000 ರೂ. ಇದು ಕನಿಷ್ಠ, ಹೆಚ್ಚು ಕೊಡಬಾರದು ಅಂತೇನಿಲ್ಲ. ಬೆಳ್ಮಣ್‌ನಿಂದ ಉಡುಪಿಗೆ ಬರುವ ಒಬ್ಬ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ಬಸ್ಸು, ಮಧ್ಯಾಹ್ನದ ಊಟ ಸೇರಿ ದಿನಕ್ಕೆ 150 ರೂ. ಖರ್ಚಾದರೆ 25 ದಿನಕ್ಕೆ 3,750 ರೂ. ಅಂದರೆ ಸಿಕ್ಕಿದ ಹಣ ಹೋಗಿ ಮನೆಯಿಂದಲೇ 1,750 ರೂ. ಹಾಕಬೇಕು. ಬೆಂಗಳೂರಿನ ದೊಡ್ಡ ಫರ್ಮ್‌ನಲ್ಲಿ ಸ್ಟೈಪೆಂಡ್ ಜಾಸ್ತಿ ಸಿಗಬಹುದು, ಆದರೆ ಪಿಜಿ ಬಾಡಿಗೆ, ಊಟ, ಓಡಾಟ ಕಳೆದರೆ ಅಲ್ಲಿಯೂ ಉಳಿಯುವುದು ಅಷ್ಟಕ್ಕಷ್ಟೇ. ಈ ಲೆಕ್ಕವನ್ನು ಸೇರುವ ಮೊದಲೇ ಅಪ್ಪ ಅಮ್ಮನ ಜತೆ ಕೂತು ಹಾಕಿ. ಮಧ್ಯದಲ್ಲಿ ಬಿಟ್ಟವರಲ್ಲಿ ಓದು ಕಷ್ಟವಾಗಿ ಬಿಟ್ಟವರ ಜತೆಗೆ ಈ ಲೆಕ್ಕ ಹಾಕದೆ ಬಂದವರೂ ಇದ್ದಾರೆ.

ಹಾಗಾದರೆ ಸಣ್ಣ ಊರಿನ ಆಫೀಸಿನಲ್ಲಿ ಲಾಭ ಏನು? ಮಹಾನಗರದ ದೊಡ್ಡ ಫರ್ಮ್‌ನಲ್ಲಿ ಒಬ್ಬ ಆರ್ಟಿಕಲ್‌ಗೆ ಒಂದು ದೊಡ್ಡ ಕಂಪನಿಯ ಒಂದು ಸಣ್ಣ ಭಾಗವಷ್ಟೇ ತಿಂಗಳುಗಟ್ಟಲೆ ಸಿಗಬಹುದು. ಉಡುಪಿಯ ಆಫೀಸಿನಲ್ಲಿ ಬೆಳಿಗ್ಗೆ ಬಟ್ಟೆ ಅಂಗಡಿಯ ಜಿಎಸ್‌ಟಿ, ಮಧ್ಯಾಹ್ನ ಸೊಸೈಟಿಯ ಆಡಿಟ್, ಸಂಜೆ ಡಾಕ್ಟರೊಬ್ಬರ ಆದಾಯ ತೆರಿಗೆ. ಏಪ್ರಿಲ್ ಮೊದಲ ವಾರಗಳಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್. ಮಲ್ಪೆಯ ಬೋಟಿನ ಮಾಲೀಕರ ಲೆಕ್ಕ ಪುಸ್ತಕದಲ್ಲಿ ಹೇಳುವಂತೆ ಇರುವುದಿಲ್ಲ. ಡೀಸೆಲ್, ಐಸ್, ರೇಷನ್ ಖರ್ಚು ಕಳೆದು ಬೋಟಿನವರಿಗೆ ಪಾಲು, ಜೂನ್-ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ, ಆ ಅವಧಿಯಲ್ಲಿ ರಿಪೇರಿ ಮತ್ತು ಮುಂಗಡ. ಇದನ್ನೊಮ್ಮೆ ಬರೆದು ತಾಳೆ ಹಾಕಿದವರು ಬೇರೆ ಯಾವ ವ್ಯಾಪಾರದ ಲೆಕ್ಕಕ್ಕೂ ಹೆದರಬೇಕಾಗಿಲ್ಲ. ಕೊನೆಯ ವರ್ಷದಲ್ಲಿ 9ರಿಂದ 12 ತಿಂಗಳು ಕಂಪನಿಯಲ್ಲಿ ಇಂಡಸ್ಟ್ರಿಯಲ್ ಟ್ರೈನಿಂಗ್ ಮಾಡಲು ಅವಕಾಶವಿದೆ. ಮೊದಲ ವರ್ಷ ಊರಲ್ಲಿ, ಎರಡನೇ ವರ್ಷ ಬೆಂಗಳೂರಿನ ಕಂಪನಿಯಲ್ಲಿ ಮಾಡುವ ದಾರಿಯೂ ಇದೆ ಎಂದಾಯಿತು. ನಮ್ಮ ಅಭಿಪ್ರಾಯ ಕೇಳಿದರೆ, ಮನೆಯ ಪರಿಸ್ಥಿತಿ ಬಿಗಿ ಇರುವವರಿಗೆ ಇದೇ ಒಳ್ಳೆಯ ಏರ್ಪಾಡು.

ಕೆಲಸದ ಸಮಯ ವಾರಕ್ಕೆ 35 ಗಂಟೆ. ರಜೆ ವರ್ಷಕ್ಕೆ 12 ದಿನ ಮಾತ್ರ, ಆದ್ದರಿಂದ ಊರ ಜಾತ್ರೆ, ಕೋಲ, ಮದುವೆ ಎಲ್ಲವನ್ನೂ ಅದರಲ್ಲೇ ಹೊಂದಿಸಬೇಕು. ಹಗಲು ಕಾಲೇಜು ಮತ್ತು ಆರ್ಟಿಕಲ್‌ಶಿಪ್ ಒಟ್ಟಿಗೆ ನಡೆಯುವುದಿಲ್ಲ, ಬೇರೆ ಕೋರ್ಸ್ ಮಾಡುವುದಿದ್ದರೆ ಸಂಸ್ಥೆಯ ಅನುಮತಿ ಬೇಕು. ನೋಂದಣಿಯ ಫಾರಂ 103ನ್ನು ಸೇರಿದ 30 ದಿನದೊಳಗೆ ಸಲ್ಲಿಸಬೇಕು. "ಆಮೇಲೆ ಮಾಡುವ, ಈಗ ಕೆಲಸ ಜಾಸ್ತಿ ಇದೆ" ಎಂದು ಆಫೀಸಿನಲ್ಲಿ ಹೇಳಿದರೆ ಮರ್ಯಾದೆಯಿಂದಲೇ, ಆದರೆ ಬಿಡದೆ, ನೆನಪಿಸಿ. ತಡವಾದರೆ ನಷ್ಟ ವಿದ್ಯಾರ್ಥಿಗೇ.

ಇನ್ನೊಂದು ಪಿಡುಗು ಕಾಗದದ ಮೇಲಿನ ಆರ್ಟಿಕಲ್‌ಶಿಪ್. ಹೆಸರು ಆಫೀಸಿನಲ್ಲಿ, ಹುಡುಗ ಮನೆಯಲ್ಲೋ ಕೋಚಿಂಗ್‌ನಲ್ಲೋ. ಇದು ನಿಯಮ ಪ್ರಕಾರ ತಪ್ಪು, ಸಿಕ್ಕಿಬಿದ್ದರೆ ಆ ಅವಧಿಯೇ ರದ್ದಾಗಬಹುದು. ರದ್ದಾಗದಿದ್ದರೂ, ಫೈನಲ್ ಪಾಸಾದ ಮೇಲೆ ಮೊದಲ ಇಂಟರ್‌ವ್ಯೂನಲ್ಲಿ "ನೀವು ಮಾಡಿದ ಒಂದು ಆಡಿಟ್ ಬಗ್ಗೆ ಹೇಳಿ" ಅಂದಾಗ ಬಾಯಿ ಒಣಗುತ್ತದೆ.

ಫೈನಲ್ ಪಾಸಾಗದೆ ನಿಂತವರ ಗತಿ ಏನು ಎನ್ನುವುದು ಮೊದಲಿನಿಂದ ಇದ್ದ ಪ್ರಶ್ನೆ. ಹೊಸ ಪದ್ಧತಿಯಲ್ಲಿ ಇಂಟರ್‌ಮೀಡಿಯೆಟ್ ಪಾಸಾಗಿ, ಆರ್ಟಿಕಲ್‌ಶಿಪ್ ಮತ್ತು ನಿಗದಿತ ತರಬೇತಿ ಮುಗಿಸಿದವರಿಗೆ ಬಿಸಿನೆಸ್ ಅಕೌಂಟಿಂಗ್ ಅಸೋಸಿಯೇಟ್ ಎಂಬ ಪ್ರಮಾಣಪತ್ರ ಇದೆ. ಕಾಸ್ಟ್ ಅಕೌಂಟೆಂಟ್ ಕೋರ್ಸಿಗೆ 15 ತಿಂಗಳು, ಕಂಪನಿ ಸೆಕ್ರೆಟರಿಗೆ 21 ತಿಂಗಳು ತರಬೇತಿ ಬೇಕು. ಅವಕ್ಕೆ ನಮ್ಮ ಜಿಲ್ಲೆಯಲ್ಲಿ ಅವಕಾಶ ಕಡಿಮೆ, ಹೆಚ್ಚಾಗಿ ಮಂಗಳೂರು ಅಥವಾ ಬೆಂಗಳೂರು ನೋಡಬೇಕಾಗುತ್ತದೆ.

ಸಿಎ ಬೇಡ, ಲೆಕ್ಕದ ಕೆಲಸ ಬೇಕು ಎನ್ನುವವರಿಗೆ

ಇವರ ಸಂಖ್ಯೆಯೇ ಹೆಚ್ಚು, ಇವರಿಗೆ ಸಲಹೆ ಸಿಗುವುದೇ ಕಡಿಮೆ. ಟ್ಯಾಲಿ ಕ್ಲಾಸಿಗೆ ಮೂರು ತಿಂಗಳು ಹೋದರೆ ಎಂಟ್ರಿ ಹೊಡೆಯುವುದು ಬರುತ್ತದೆ. ಎಂಟ್ರಿ ತಪ್ಪಾದಾಗ ಹುಡುಕುವುದು ಬರುವುದಿಲ್ಲ. ಆ ಎರಡನೆಯದನ್ನು ಕಲಿಸುವುದು ನಿಜವಾದ ಬಿಲ್ಲು, ನಿಜವಾದ ಪಾಸ್‌ಬುಕ್, ನಿಜವಾದ ಧಣಿ.

ಆಡಿಟರ್ ಆಫೀಸಿನ ತಿಂಗಳಿಗೆ ಒಂದು ತಾಳ ಇದೆ. 7ನೇ ತಾರೀಕು ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. 5 ಕೋಟಿ ರೂ.ವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಕೊಡುವ ಪದ್ಧತಿ ಆರಿಸಿದ್ದರೆ ಅವರದ್ದು ಬೇರೆ ತಾರೀಕು. ಜುಲೈ ಬಂತೆಂದರೆ ಆದಾಯ ತೆರಿಗೆ ರಿಟರ್ನ್, ಹೊರಗೆ ಮಳೆ, ಒಳಗೆ ಕರೆಂಟು ಹೋಗಿ ಬಂದು, ಪೋರ್ಟಲ್ ತಿರುಗುತ್ತಲೇ ಇರುತ್ತದೆ. ಸೆಪ್ಟೆಂಬರ್ ಪೂರ್ತಿ ಆಡಿಟ್ ಗಡಿಬಿಡಿ. ಸಹಕಾರಿ ಸಂಘಗಳ ಮಹಾಸಭೆಗಳೂ ಸೆಪ್ಟೆಂಬರ್ 25ರೊಳಗೆ ಆಗಬೇಕು. ಹಾಗಾಗಿ ಕಾಲೇಜಿನ ಒಂದು ತಿಂಗಳ ಇಂಟರ್ನ್‌ಶಿಪ್‌ಗೆ ಸೆಪ್ಟೆಂಬರ್‌ನಲ್ಲಿ ಹೋದರೆ ಕಲಿಸಲು ಯಾರಿಗೂ ಪುರುಸೊತ್ತಿಲ್ಲ, ಫೈಲು ಹೊರುವುದೇ ಕೆಲಸ. ಆರು ತಿಂಗಳು ಇರುವುದಾದರೆ ಮಾತ್ರ ಜೂನ್‌ನಲ್ಲಿ ಸೇರಿ. ಸಣ್ಣ ರಿಟರ್ನ್‌ನಿಂದ ಶುರುವಾಗಿ ಆಡಿಟ್ ಮುಗಿಯುವ ತನಕ ಇಡೀ ಸುತ್ತು ನೋಡಲು ಸಿಗುತ್ತದೆ.

ಅಂಗಡಿಯವರೇ, ಇದು ನಿಮಗೆ

ಇಂಟರ್ನ್‌ಶಿಪ್ ಎಂದರೆ ಮಕ್ಕಳಿಗೆ ಮಾಡುವ ಉಪಕಾರ ಎಂದುಕೊಳ್ಳಬೇಡಿ. ಒಂದು ಲೆಕ್ಕ ನೋಡಿ. ನೀವು ಹೋಲ್‌ಸೇಲ್‌ನವರಿಂದ 1 ಲಕ್ಷ ರೂ. ಮಾಲು ತಂದಿರಿ, ಶೇ. 18 ತೆರಿಗೆ ಎಂದರೆ 18,000 ರೂ. ಕೊಟ್ಟಿರಿ. ಮಾರಾಟದ ತೆರಿಗೆಯಲ್ಲಿ ಇದನ್ನು ಕಳೆದುಕೊಳ್ಳಬಹುದು ಅಂತ ನೀವು ನಂಬಿದ್ದೀರಿ. ಆದರೆ 2022ರ ಜನವರಿ 1ರಿಂದ ನಿಯಮ ಬಿಗಿಯಾಗಿದೆ. ನಿಮಗೆ ಮಾರಿದವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ಲನ್ನು ತೋರಿಸಿ, ಅದು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿದರೆ ಮಾತ್ರ ಆ 18,000 ರೂ. ನಿಮಗೆ ಸಿಗುತ್ತದೆ. ಅವರು ಬಿಲ್ಲು ಹಾಕಲು ಮರೆತರೆ, ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ಒಂದು ಅಕ್ಷರ ತಪ್ಪು ಹೊಡೆದರೆ, ನೀವು ತೆರಿಗೆಯನ್ನು ಎರಡನೇ ಸಲ ಕೈಯಿಂದ ಕಟ್ಟಿದ ಹಾಗೆ.

ತಿಂಗಳಿಗೊಮ್ಮೆ ಖರೀದಿ ಬಿಲ್ಲುಗಳನ್ನು 2ಬಿ ಜತೆ ತಾಳೆ ನೋಡಿ, ಕಾಣದ ಬಿಲ್ಲಿನ ಪಟ್ಟಿ ಮಾಡಿ, ಮಾರಿದವರಿಗೆ ಫೋನ್ ಮಾಡುವುದು ಎರಡು ಮೂರು ದಿನದ ಕೆಲಸ. ಆಡಿಟರ್ ಆಫೀಸಿಗೆ ನಿಮ್ಮೊಬ್ಬರಿಗಾಗಿ ಅಷ್ಟು ಸಮಯ ಕೊಡಲು ಆಗುವುದಿಲ್ಲ, ನಿಮಗೆ ಗಿರಾಕಿ ಬಿಟ್ಟು ಕೂರಲು ಆಗುವುದಿಲ್ಲ. ಅದೇ ಕಾಲೇಜು ಮುಗಿಸಿದ ಒಬ್ಬ ಹುಡುಗಿ ಒಂದು ಸಲ ಹೇಳಿಕೊಟ್ಟರೆ ಅಚ್ಚುಕಟ್ಟಾಗಿ ಮಾಡುತ್ತಾಳೆ. ಒಂದು ಬಿಲ್ಲು ಸಿಕ್ಕಿದರೆ ಅವಳ ಹಲವು ತಿಂಗಳ ಸ್ಟೈಪೆಂಡ್ ಹುಟ್ಟಿತು.

2025ರ ಜುಲೈ ನೆನಪಿದೆಯಲ್ಲ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಕಡೆ ಕ್ಯೂಆರ್ ಕೋಡ್ ತೆಗೆದು "ಕ್ಯಾಶ್ ಮಾತ್ರ" ಎಂಬ ಬೋರ್ಡು ಬಂತು. ವಸ್ತು ಮಾರಾಟಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂ. ದಾಟಿದರೆ ನೋಂದಣಿ ಬೇಕು ಎನ್ನುವುದು ನಿಯಮ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ವಸ್ತು ಮಾರಿದವರಿಗೂ ನೋಟಿಸ್ ಹೋಯಿತು, ಮನೆಯವರು ಕಳುಹಿಸಿದ ಹಣವೂ ವಹಿವಾಟಿನಂತೆ ಕಂಡಿತು. ದಿನದ ವ್ಯಾಪಾರ ಯಾವುದು, ಸ್ವಂತ ಹಣ ಯಾವುದು, ತೆರಿಗೆ ಇಲ್ಲದ ಮಾಲು ಯಾವುದು ಎಂದು ಬೇರೆ ಬೇರೆ ಬರೆದಿಟ್ಟವರಿಗೆ ಉತ್ತರ ಕೊಡಲು ಒಂದು ಸಂಜೆ ಸಾಕು, ಬರೆದಿಡದವರಿಗೆ ನಿದ್ದೆ ಇಲ್ಲ. ಅಂಥ ಪುಸ್ತಕ ಬರೆಯುವುದೇ ಒಬ್ಬ ಇಂಟರ್ನ್‌ಗೆ ಕೊಡಬಹುದಾದ ಮೊದಲ ಕೆಲಸ.

ಆದರೆ ಎಚ್ಚರಿಕೆಯೂ ಬೇಕು. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಒಟಿಪಿ ಬರುವ ಮೊಬೈಲ್, ಸಹಿ ಹಾಕಿದ ಖಾಲಿ ಚೆಕ್ ಮೂರನ್ನೂ ಕಲಿಯಲು ಬಂದವರ ಕೈಗೆ ಕೊಡಬೇಡಿ. ಇದು ಅನುಮಾನದ ಮಾತಲ್ಲ, ಮುಂದೆ ಏನಾದರೂ ಹೆಚ್ಚುಕಡಿಮೆ ಆದರೆ ಆ ಮಗುವಿನ ಮೇಲೆ ಬೆರಳು ತೋರಿಸುವ ಸ್ಥಿತಿ ಬರಬಾರದು. ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತೆಗೆದು ಕೊಟ್ಟರೆ ಸಾಕು. ಅಂಗಡಿಯ ಚಾ ತರಲು, ಗೋದಾಮು ಗುಡಿಸಲು ಕಳುಹಿಸುವುದಿದ್ದರೆ ಅದಕ್ಕೆ ಇಂಟರ್ನ್‌ಶಿಪ್ ಎನ್ನಬೇಡಿ.

ಸಿಬ್ಬಂದಿ ಹೆಚ್ಚಿರುವ ಸಂಸ್ಥೆಗಳಿಗೆ ಅಪ್ರೆಂಟಿಸ್ ಕಾಯ್ದೆಯೂ ಅನ್ವಯಿಸುತ್ತದೆ. 30 ಅಥವಾ ಹೆಚ್ಚು ಜನ ಇರುವಲ್ಲಿ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಜನ ಇದ್ದರೆ ಐಚ್ಛಿಕ. ದೊಡ್ಡ ಬಟ್ಟೆ ಮಳಿಗೆ, ಆಸ್ಪತ್ರೆ, ಗೇರುಬೀಜ ಕಾರ್ಖಾನೆಗಳ ಆಡಳಿತದವರು ಇದನ್ನು ನೋಡಬೇಕು. ಪದವೀಧರರಿಗೆ ಕೊಡುವ ಕನಿಷ್ಠ ಸ್ಟೈಪೆಂಡ್‌ನಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ನ್ಯಾಟ್ಸ್ ಯೋಜನೆಯಲ್ಲಿ ಭರಿಸುತ್ತದೆ. 2024ರಲ್ಲಿ ಆ ಕನಿಷ್ಠ ಮೊತ್ತ 9,000 ರೂ. ಇತ್ತು.

ಬ್ಯಾಂಕಿನೊಳಗೆ ಒಂದು ವರ್ಷ

ಬ್ಯಾಂಕ್ ಕೆಲಸದ ಆಸೆ ಇರುವವರಿಗೆ ಈಗ ತೆರೆದಿರುವ ಬಾಗಿಲು ಗ್ರಾಜುಯೇಟ್ ಅಪ್ರೆಂಟಿಸ್. 2024ರ ಸೆಪ್ಟೆಂಬರ್‌ನಲ್ಲಿ ಕೆನರಾ ಬ್ಯಾಂಕ್ ದೇಶಾದ್ಯಂತ 3,000 ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆದಿತ್ತು. ತಿಂಗಳಿಗೆ 15,000 ರೂ., ಅದರಲ್ಲಿ 4,500 ರೂ. ಸರ್ಕಾರದ ಪಾಲು. ವಯಸ್ಸು 20ರಿಂದ 28. ನಮ್ಮವರಿಗೆ ಒಂದು ಅನುಕೂಲ ಇದೆ: ಅರ್ಜಿ ಹಾಕುವ ರಾಜ್ಯದ ಭಾಷೆ ಬರಬೇಕು, ಶಾಲೆಯಲ್ಲಿ ಕನ್ನಡ ಓದಿದ ಅಂಕಪಟ್ಟಿ ಇದ್ದರೆ ಭಾಷಾ ಪರೀಕ್ಷೆಯೂ ಬೇಡ. ಇಂಥ ಅರ್ಜಿಗೆ ಮೊದಲು ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಅಧಿಸೂಚನೆ ಬಂದ ಮೇಲೆ ಸೈಬರ್ ಸೆಂಟರಿಗೆ ಓಡುವುದಕ್ಕಿಂತ ಫಲಿತಾಂಶ ಬಂದ ವಾರವೇ ನೋಂದಣಿ ಮಾಡಿಡಿ. ವರ್ಷ ಮುಗಿದ ಮೇಲೆ ಕಾಯಂ ಕೆಲಸ ಕೊಡುವ ಹೊಣೆ ಬ್ಯಾಂಕಿಗೆ ಇಲ್ಲ, ಇದನ್ನು ಮನೆಯ ಹಿರಿಯರಿಗೂ ತಿಳಿಸಿ. "ಸಿಂಡಿಕೇಟ್‌ನಲ್ಲಿ ಸೇರಿದ ಹಾಗೆ" ಎಂದು ಅವರು ಸಂಬಂಧಿಕರಿಗೆಲ್ಲ ಹೇಳಿಬಿಟ್ಟರೆ ಆಮೇಲೆ ಕಷ್ಟ.

2024ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಇದೆ. ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ಆರಂಭದ ನಿಯಮದಂತೆ ತಿಂಗಳಿಗೆ 5,000 ರೂ. ಮತ್ತು ಒಂದು ಸಲ 6,000 ರೂ. ವಯಸ್ಸು 21ರಿಂದ 24, ಕುಟುಂಬದ ಆದಾಯ 8 ಲಕ್ಷ ರೂ. ಮೀರಬಾರದು. ಸಿಎ, ಎಂಬಿಎ ಆದವರಿಗೆ ಇಲ್ಲ, ಬಿಕಾಂ, ಬಿಬಿಎ ಆದವರಿಗೆ ಇದೆ. ವಯಸ್ಸು, ಮೊತ್ತ ಬದಲಾಗುವುದುಂಟು, ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ನೋಡಿ. ರಾಜ್ಯದ ಯುವನಿಧಿಯಲ್ಲಿ ಪದವೀಧರರಿಗೆ ಸಿಗುವ 3,000 ರೂ. ಪಡೆಯುತ್ತಿರುವವರು ಅಪ್ರೆಂಟಿಸ್ ಆಗಿ ವೇತನ ಪಡೆಯಲು ಶುರು ಮಾಡಿದರೆ ಅದು ನಿಲ್ಲುತ್ತದೆ, ಘೋಷಣೆಯಲ್ಲಿ ಮುಚ್ಚಿಡಬೇಡಿ.

ಎಲ್ಲಿ ಏನು ಸಿಗುತ್ತದೆ

ಮಣಿಪಾಲದಲ್ಲಿ ಮಾಹೆ, ಆಸ್ಪತ್ರೆ, ಅವುಗಳ ಸುತ್ತಲಿನ ಕಂಪನಿಗಳು ಇರುವುದರಿಂದ ದೊಡ್ಡ ಸಂಸ್ಥೆಯ ಅಕೌಂಟ್ಸ್ ವಿಭಾಗ ಹೇಗೆ ನಡೆಯುತ್ತದೆ ಎಂದು ನೋಡಲು ಅದೇ ಜಾಗ. 1980ರಲ್ಲಿ ಆರಂಭವಾದ ಟ್ಯಾಪ್ಮಿ ಮತ್ತು ನಿಟ್ಟೆಯ ಜಸ್ಟಿಸ್ ಕೆ.ಎಸ್. ಹೆಗ್ಡೆ ಮ್ಯಾನೇಜ್‌ಮೆಂಟ್ ಸಂಸ್ಥೆಯ ಎಂಬಿಎ ಮಕ್ಕಳಿಗೆ ಕಾಲೇಜಿನಿಂದಲೇ ಸಂಪರ್ಕ ಇರುತ್ತದೆ, ಅವರಿಗೆ ಈ ಲೇಖನದ ಅಗತ್ಯ ಕಡಿಮೆ. ಕಾರ್ಕಳದಲ್ಲಿ ಗೇರುಬೀಜ ಕಾರ್ಖಾನೆಗಳಿವೆ. ಕಚ್ಚಾ ಗೇರುಬೀಜ ಆಫ್ರಿಕಾದಿಂದಲೂ ಬರುವುದರಿಂದ ಆಮದು ದಾಖಲೆ, ಲೆಟರ್ ಆಫ್ ಕ್ರೆಡಿಟ್, ಡಾಲರ್ ದರದ ಏರಿಳಿತ, ಕೆಜಿ ಲೆಕ್ಕದ ಉತ್ಪಾದನಾ ವೆಚ್ಚ ಎಲ್ಲವೂ ಒಂದೇ ಸೂರಿನಡಿ ಕಲಿಯಲು ಸಿಗುತ್ತದೆ. ಕಾರ್ಕಳದ ವಿದ್ಯಾರ್ಥಿಗಳು ಈ ಬಾಗಿಲು ತಟ್ಟದೆ ನೇರ ಉಡುಪಿ ಬಸ್ಸು ಹತ್ತುವುದು ನಮಗೆ ಸೋಜಿಗ. ಕಾಪು ಕಡೆ ಎಲ್ಲೂರಿನ ವಿದ್ಯುತ್ ಸ್ಥಾವರ, ನಂದಿಕೂರಿನ ಕೈಗಾರಿಕೆಗಳು, ಅವಕ್ಕೆ ಕೆಲಸ ಮಾಡುವ ಗುತ್ತಿಗೆದಾರರು. ಗುತ್ತಿಗೆದಾರರ ಹತ್ತಿರ ಟಿಡಿಎಸ್, ಪಿಎಫ್, ಇಎಸ್‌ಐ ಮೂರನ್ನೂ ಕೈಯಾರೆ ಮಾಡಿ ಕಲಿಯಬಹುದು. ನಾಲ್ಕೂ ಕಡೆ ಇರುವ ಕ್ರೆಡಿಟ್ ಕೋ-ಆಪರೇಟಿವ್ ಸೊಸೈಟಿಗಳನ್ನು ಮರೆಯಬೇಡಿ. ಠೇವಣಿ, ಸಾಲ, ಚಿನ್ನದ ಸಾಲ, ಪಿಗ್ಮಿ, ಬಾಕಿ ವಸೂಲಿ ಎಲ್ಲ ಅಲ್ಲೇ, ಬ್ಯಾಂಕಿನ ಚಿಕ್ಕ ರೂಪ.

ಹೆಸರು ಕೊಡುವ ಮೊದಲು ನೋಡಿ

ಆನ್‌ಲೈನ್‌ನಲ್ಲಿ "ಫೈನಾನ್ಸ್ ಇಂಟರ್ನ್‌ಶಿಪ್, ಮನೆಯಿಂದಲೇ" ಅಂತ ಬರುವ ಜಾಹೀರಾತಿನಲ್ಲಿ ಸರ್ಟಿಫಿಕೇಟ್‌ಗೆ ಹಣ ಕೇಳಿದರೆ ಅದು ಇಂಟರ್ನ್‌ಶಿಪ್ ಅಲ್ಲ, ಕಾಗದದ ವ್ಯಾಪಾರ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ: "ನಿಮ್ಮ ಖಾತೆಗೆ ಕಂಪನಿ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಮುಂದೆ ಕಳುಹಿಸಿ, ಅದೇ ನಿಮ್ಮ ಕೆಲಸ." ಸೈಬರ್ ವಂಚನೆಯ ಹಣ ಸಾಗಿಸುವುದು ಇಂಥ ಖಾತೆಗಳಲ್ಲೇ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಹೀಗೇ ಆಧಾರ್, ಪ್ಯಾನ್ ಪಡೆದು "ನಿಮ್ಮ ಹೆಸರಿನಲ್ಲಿ ಒಂದು ಜಿಎಸ್‌ಟಿ ಮಾಡಿಸುವ, ಕಲಿತ ಹಾಗೂ ಆಯಿತು" ಎನ್ನುವವರೂ ಇದ್ದಾರೆ. ಆ ನಂಬರಿನಲ್ಲಿ ನಕಲಿ ಬಿಲ್ಲು ಹೊರಟರೆ ತೆರಿಗೆ, ದಂಡ, ಕೇಸು ನಿಮ್ಮ ತಲೆಗೆ. ಈಗಾಗಲೇ ಹೆಸರು ಕೊಟ್ಟು ಸಿಕ್ಕಿಹಾಕಿಕೊಂಡಿದ್ದರೆ ನಾಚಿಕೆ ಬಿಟ್ಟು ಬ್ಯಾಂಕಿಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಹಣವೂ ಹೋಗುತ್ತದೆ, ಹೆಸರೂ ಕೆಡುತ್ತದೆ.

ಊರಿನ ಆಫೀಸಿಗೆ ಹೋಗುವಾಗಲೂ ಕೇಳಬೇಕಾದ್ದನ್ನು ಕೇಳಿ. ನನಗೆ ಯಾರು ಕೆಲಸ ಹೇಳಿಕೊಡುತ್ತಾರೆ? ಮೂರು ತಿಂಗಳಲ್ಲಿ ಒಂದು ರಿಟರ್ನ್ ಅಥವಾ ಒಂದು ಅಂಗಡಿಯ ಬ್ಯಾಂಕ್ ತಾಳೆ ನಾನೇ ಪೂರ್ತಿ ಮಾಡುವ ಹಾಗಾಗುತ್ತದಾ? ಸೆಪ್ಟೆಂಬರ್‌ನಲ್ಲಿ ಎಷ್ಟು ಗಂಟೆಗೆ ಬಿಡುತ್ತೀರಿ? ಹೆಣ್ಣುಮಕ್ಕಳ ಮನೆಯವರು ಈ ಕೊನೆಯ ಪ್ರಶ್ನೆಯನ್ನು ಸಂಕೋಚಪಟ್ಟು ಬಿಡುತ್ತಾರೆ, ಬಿಡಬಾರದು. ರಾತ್ರಿ ಒಳನಾಡಿಗೆ ಬಸ್ಸು ಕಡಿಮೆ. ಕಡೆಯ ಬಸ್ಸು ತಪ್ಪಿದರೆ ಯಾರು ಬಿಡುತ್ತಾರೆ ಎನ್ನುವುದು ಮೊದಲ ದಿನವೇ ತೀರ್ಮಾನ ಆಗಿರಲಿ. ಹಾಗೆಯೇ ನಿಮ್ಮ ಕಡೆಯಿಂದ ಒಂದು ಮಾತು ಕೊಡಬೇಕು: ಗಿರಾಕಿಗಳ ಆದಾಯ, ಸಾಲ, ಆಸ್ತಿ ವಿಷಯ ಆಫೀಸಿನಿಂದ ಹೊರಗೆ ಬರುವುದಿಲ್ಲ ಅಂತ. ಎಲ್ಲರಿಗೂ ಎಲ್ಲರ ಪರಿಚಯ ಇರುವ ಊರು ನಮ್ಮದು. ಪಕ್ಕದ ಮನೆಯವರ ಫೈಲು ಕೈಗೆ ಬಂದೇ ಬರುತ್ತದೆ, ಮನೆಯಲ್ಲಿ ಊಟಕ್ಕೆ ಕೂತಾಗ ಅದು ಬಾಯಿಗೆ ಬರಬಾರದು.

ಹೋಗುವಾಗ ಕಾಲೇಜಿನ ಪತ್ರ, ಒಂದೇ ಪುಟದ ಬಯೋಡಾಟಾ, ಅಂಕಪಟ್ಟಿಗಳ ಪ್ರತಿ ಸಾಕು. ಪ್ಯಾನ್ ಮತ್ತು ಬ್ಯಾಂಕ್ ಖಾತೆ ವಿವರ ಸ್ಟೈಪೆಂಡ್ ಖಚಿತವಾದ ಮೇಲೆ ಕೊಡಿ. ಫೋನ್ ಮಾಡುವುದಕ್ಕಿಂತ ನೇರ ಹೋಗುವುದು ಒಳ್ಳೆಯದು, ಆದರೆ 11 ಮತ್ತು 20ನೇ ತಾರೀಕಿನ ಹಿಂದುಮುಂದು ಬೇಡ. ತಿಂಗಳ 23, 24ರ ಸುಮಾರಿಗೆ, ಬೆಳಿಗ್ಗೆ ಹತ್ತೂವರೆಗೆ ಹೋದರೆ ಆಡಿಟರು ಚಾ ಕುಡಿಯುತ್ತಾ ಎರಡು ಮಾತು ಆಡಲು ಸಿಗುತ್ತಾರೆ.